ಎಡಗಡೆಯ ಒಳಜೇಬು

ಹನ್ನೊಂದು ಹೊಡೆದ ಕೂಡಲೇ ಲೆಸ್ಯಾ ಗಂಡ ಮೈರನ್‌ಗೆ ಫೋನು ಮಾಡಿದಳು. ರಿಂಗೇ ಆಗಲಿಲ್ಲ. ನೀವು ಕರೆ ಮಾಡಿದವರು ಸದ್ಯಕ್ಕೆ ಸಿಗುತ್ತಿಲ್ಲ ಎಂದು ಹೆಣ್ಣುದನಿಯೊಂದು ನಿರುಮ್ಮಳವಾಗಿ ಹೇಳಿತು. ಮತ್ತೆ ಮಾಡಿದಳು. ಅದೇ ಹೆಂಗಸು, ಅದೇ ಮಾತು. ಅವಳೇನಾದರೂ ಎದುರಿಗೆ ಸಿಕ್ಕಿದ್ದರೆ ಲೆಸ್ಯಾ ಜುಟ್ಟು ಹಿಡಿದು ಕೇಳುತ್ತಿದ್ದಳು.

ಕುದಿಯುತ್ತಿದ್ದ ಬೀಟ್‌ರೂಟ್ ಸಾರಿನ ಉರಿ ಆರಿಸಿ, ಕೋಟಿನ ಗುಂಡಿಯನ್ನೂ ಹಾಕದೆ ಹೊರಗೆ ಓಡಿದಳು. ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗಿನ ಚಳಿ. ಎಂಜಿನ್ ಹೆಪ್ಪುಗಟ್ಟದಿರಲೆಂದು ಟ್ರಕ್ಕಿನ ಮೂತಿಗೆ ಸಿಕ್ಕಿಸಿದ್ದ ಕರೆಂಟಿನ ವೈರನ್ನು ಕಿತ್ತೆಸೆದು, ಊರ ಮುಂದಿನ ಸರೋವರಕ್ಕೆ ಗಾಡಿ ಇಳಿಸಿದಳು. ಜನವರಿ ಬಂತೆಂದರೆ ಮ್ಯಾನಿಟೋಬಾದ ಈ ಊರಿನವರಿಗೆ ಸರೋವರವೂ ಒಂದು ರಸ್ತೆಯೇ. ಮಂಜುಗಡ್ಡೆಯ ಮೇಲೆ ಎರಡು ಮೈಲಿ ಆಚೆ ಮೈರನ್‌ನ ಹಸಿರು ಬಣ್ಣದ, ಮಂಜು ಕೊರೆದು ಮೀನು ಹಿಡಿಯುವ ಗುಡಿಸಲು ಇತ್ತು. ಆ ಎರಡು ಮೈಲಿ ಮುಗಿಯುವಷ್ಟರಲ್ಲಿ ಅವಳು ಮನಸ್ಸಿನಲ್ಲೇ ಗಂಡನ ಹೆಣವನ್ನು ಎರಡು ಸಲ ನೋಡಿದ್ದಳು, ಒಮ್ಮೆ ಕುರ್ಚಿಯಲ್ಲಿ, ಇನ್ನೊಮ್ಮೆ ನೆಲದ ಮೇಲೆ.

ಬಾಗಿಲು ತಳ್ಳಿದರೆ ಮೈರನ್ ಪುಟ್ಟ ಗ್ಯಾಸ್ ಒಲೆಯ ಪಕ್ಕ, ಮಂಜುಗಡ್ಡೆಯ ತೂತಿಗೆ ಗಾಳ ಇಳಿಬಿಟ್ಟು ಆರಾಮಾಗಿ ಕೂತಿದ್ದ.

"ಏನೇ, ಊಟ ತಂದ್ಯಾ?" ಎಂದ.

"ನಿನ್ನ ತಿಥಿ ಊಟ ಬಡಿಸೋಣ ಅಂತ ಬಂದೆ! ಫೋನೆಲ್ಲಿ?"

"ಮತ್ತೆ ಆರಿಹೋಯ್ತು ಮಾರಾಯ್ತಿ. ಬೆಳಿಗ್ಗೆ ಪೂರ್ತಿ ಚಾರ್ಜು ಮಾಡ್ಕೊಂಡೇ ಬಂದಿದ್ದೆ." ಜೇಬಿನಿಂದ ತೆಗೆದು ಹಲಗೆಯ ಮೇಲಿಟ್ಟಿದ್ದ ಫೋನನ್ನು ಎತ್ತಿ ಬಟನ್ ಒತ್ತಿದ. ಅದು ಏನೂ ಆಗಿಲ್ಲವೆಂಬಂತೆ ಬೆಳಗಿತು. "ನೋಡು, ನೀನು ಬಂದ ತಕ್ಷಣ ಹೆಂಗೆ ಎದ್ದು ಕೂತ್ಕೊಳ್ತು. ಇದಕ್ಕೂ ನೀನಂದ್ರೆ ಭಯ."

ಲೆಸ್ಯಾಗೆ ನಗು ಬರಲಿಲ್ಲ. ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಕುಸಿದು ಕೂತು, ಕೈಗವಸಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಹೀಗೆ ಓಡಿಬರುವುದು ಇದು ನಾಲ್ಕನೇ ಸಲ.

ಹೋದ ಏಪ್ರಿಲ್‌ನಲ್ಲಿ ಮೈರನ್‌ನ ಹೃದಯ ಕೈಕೊಟ್ಟಿತ್ತು. ವಿನಿಪೆಗ್‌ನ ಡಾಕ್ಟರು ರಕ್ತನಾಳದೊಳಗೆ ಸಣ್ಣ ಜಾಲರಿಯೊಂದನ್ನು ಕೂರಿಸಿ ಮನೆಗೆ ಕಳಿಸಿದ್ದರು. ಅರವತ್ನಾಲ್ಕರ ಮುದುಕ ಬೇಸಿಗೆಯೆಲ್ಲ ಹೇಳಿದ ಮಾತು ಕೇಳಿಕೊಂಡೇ ಇದ್ದ. ಸರೋವರ ಹೆಪ್ಪುಗಟ್ಟುತ್ತಲೇ ಹಟ ಶುರುವಾಯಿತು. ಇಪ್ಪತ್ತಾರು ಚಳಿಗಾಲ ಅವನು ಆ ಗುಡಿಸಲಲ್ಲಿ ಕೂತವನು, ಅದರ ಒಂದೊಂದು ಮೊಳೆಯನ್ನೂ ತಾನೇ ಹೊಡೆದವನು. ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದರು. ಮೈರನ್ ಒಬ್ಬನೇ ಹೋಗಬಹುದು, ಆದರೆ ಗಂಟೆ ಗಂಟೆಗೂ ಅವಳು ಫೋನು ಮಾಡುತ್ತಾಳೆ, ಅವನು ಎತ್ತಲೇಬೇಕು. ಎತ್ತದ ದಿನ ಗುಡಿಸಲಿನ ಋಣ ಮುಗಿಯಿತು.

ಫೋನು ಮೊದಲ ಸಲ ಆರಿದ್ದು ಡಿಸೆಂಬರಿನಲ್ಲಿ. ಅದು ಹಳೆಯ ಆಂಡ್ರಾಯ್ಡ್ ಫೋನು, ಅವನು ಅದನ್ನು ಹೊರಜೇಬಿನಲ್ಲಿ ಇಟ್ಟುಕೊಂಡಿದ್ದ. ಊರಿನ ದಿನಸಿ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಫೋನು ರಿಪೇರಿ ಮಾಡುವ ಡಿವೀನಾ ಅದರ ಹೊಟ್ಟೆ ಬಿಚ್ಚಿ ಹೊಸ ಬ್ಯಾಟರಿ ಹಾಕಿಕೊಟ್ಟಿದ್ದಳು. ಡಿವೀನಾ ಫಿಲಿಪ್ಪೀನ್ಸಿನ ಹೆಣ್ಣು, ಈ ಚಳಿಗೆ ಬಂದು ಹನ್ನೊಂದು ವರ್ಷವಾದರೂ ಒಳಗೂ ಟೊಪ್ಪಿಗೆ ತೆಗೆಯದವಳು.

"ಚಳಿಗೆ ಬ್ಯಾಟರಿ ಮರಗಟ್ಟತ್ತೆ ಆಂಟಿ. ಅಂಕಲ್‌ಗೆ ಒಳಗಡೆ, ಮೈಗೆ ಹತ್ತಿರ ಇಟ್ಕೊಳ್ಳೋಕೆ ಹೇಳಿ," ಎಂದಿದ್ದಳು.

ಈ ಊರಿನಲ್ಲಿ ಏನೇ ಕೆಟ್ಟರೂ ಜನ ಚಳಿಯನ್ನೇ ಬಯ್ಯುತ್ತಾರೆ, ಹೆಚ್ಚಿನ ಸಲ ಬಯ್ಗುಳ ಸರಿಯಾದ ಜಾಗಕ್ಕೇ ತಲುಪುತ್ತದೆ. ಲೆಸ್ಯಾ ಕ್ರಿಸ್ಮಸ್ ದಿನ ಸಂಜೆ ಸೂಜಿದಾರ ತೆಗೆದು ಕೋಟಿನೊಳಗೆ ಎಡಗಡೆ, ಎದೆಯ ಮೇಲೆ ಬರುವಂತೆ ಹೊಸ ಜೇಬು ಹೊಲಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಜೇಬಿನ ಹಿಂದೆ, ಅಸ್ತರಿನಲ್ಲಿ, ಯಾರ ಕಣ್ಣಿಗೂ ಕಾಣದ ಇನ್ನೊಂದು ಸಂದು ಬಿಟ್ಟಳು. ಬೆಳಿಗ್ಗೆ ಮೈರನ್ ಬೂಟು ಹುಡುಕುತ್ತಿರುವಾಗ ಕೈ ಬೆಚ್ಚಗಿಡಲು ಎಲ್ಲರೂ ಬಳಸುವ ಬಿಸಿಪೊಟ್ಟಣ ಒಂದನ್ನು ಅಲುಗಾಡಿಸಿ ಆ ಸಂದಿಗೆ ತುರುಕುತ್ತಿದ್ದಳು. ಒಮ್ಮೆ ಬಿಸಿ ಹಿಡಿದರೆ ಸಂಜೆಯವರೆಗೂ ಆರದ ಪೊಟ್ಟಣ ಅದು. ಅವನಿಗೆ ಹೇಳಲಿಲ್ಲ. ಹೇಳಿದರೆ, ನನ್ನನ್ನೇನು ಕೋಳಿಮರಿ ಅಂದುಕೊಂಡೆಯಾ ಎಂದು ಹಾರಾಡಿ ಕಿತ್ತೆಸೆಯುತ್ತಿದ್ದ. ರೋಗಿಯ ಹಾಗೆ ನೋಡಿದರೆ ಅವನಿಗೆ ಆಗದು. ಗುಡಿಸಲೊಳಗೆ ಕೂತಾಗಲೂ ಕೋಟು ಬಿಚ್ಚಕೂಡದು ಎಂದು ಮಾತ್ರ ಅಪ್ಪಣೆ ಮಾಡಿದ್ದಳು.

ಆದರೂ ಫೋನು ಆರಿತು. ಎರಡನೇ ಸಲ ಡಿವೀನಾ ಬೇಡದ ಆ್ಯಪ್‌ಗಳನ್ನೆಲ್ಲ ಕಿತ್ತುಹಾಕಿದಳು. ಬಿಗಿಯಾದ ಕವರು ಪವರ್ ಬಟನ್ನನ್ನು ಒತ್ತುತ್ತಿರಬಹುದೆಂದು ಅದನ್ನೂ ಬದಲಿಸಿದಳು. ಫೋನಿನ ಮೂಲ ಆ್ಯಪ್‌ಗಳಷ್ಟೇ ನಡೆಯುವ ಸೇಫ್ ಮೋಡಿನಲ್ಲಿ ಹಾಕಿ ಎರಡು ದಿನ ತನ್ನ ಮೇಜಿನ ಮೇಲೆಯೇ ಇಟ್ಟುಕೊಂಡಳು. ಡಾಕ್ಟರ ಮುಂದೆ ಕೂತೊಡನೆ ಮಾಯವಾಗುವ ಹೊಟ್ಟೆನೋವಿನ ಹಾಗೆ, ಅಲ್ಲಿ ಅದು ಒಮ್ಮೆಯೂ ಆರಲಿಲ್ಲ. ಮೂರನೇ ಸಲ ಆರಿದಾಗ ಲೆಸ್ಯಾ ಒಂದು ಪೊಟ್ಟಣ ಸಾಲದೆಂದು ಎರಡು ಇಡತೊಡಗಿದಳು. ಡಿವೀನಾ ಫೋನಿನ ಆಗುಹೋಗನ್ನು ನಿಮಿಷ ನಿಮಿಷಕ್ಕೂ ಬರೆದಿಡುವ ಆ್ಯಪ್ ಹಾಕಿದಳು. ಈಗ ನಾಲ್ಕನೆಯದು.

"ಸಾಕಪ್ಪಾ ಸಾಕು," ಬಕೆಟ್ಟಿನ ಮೇಲಿಂದ ಲೆಸ್ಯಾ ಹೇಳಿದಳು. "ಪ್ರತಿ ಸಲ ಬಾಗಿಲು ತೆಗೆಯೋವಾಗ ನನ್ನ ಜೀವ ಬಾಯಿಗೆ ಬರತ್ತೆ. ಇದನ್ನ ಮಾರಿಬಿಡು ಮೈರನ್."

ಅವನು ಜಗಳಕ್ಕೆ ಬರುತ್ತಾನೆಂದು ಅವಳು ಕಾದಳು. ಅವನು ಗಾಳದ ದಾರವನ್ನೇ ನೋಡುತ್ತ, "ಆಯ್ತು ಬಿಡು," ಎಂದ. "ಆ ಹ್ಯಾಲ್ಡೋರ್ ಈ ಗುಡಿಸಲು ಕೊಡು ಅಂತ ಬಹಳ ದಿನದಿಂದ ಕೇಳ್ತಿದ್ದಾನೆ. ಶನಿವಾರ ಬಂದು ಎಳ್ಕೊಂಡು ಹೋಗ್ಲಿ."

ಅಷ್ಟೇ. ಲೆಸ್ಯಾ ಮೂರು ವಾರದಿಂದ ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ದಂಡವಾದವು. ಗೆದ್ದೆನೆಂದು ಅವಳಿಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇಷ್ಟು ಸಲೀಸಾಗಿ ಸೋಲುವವನಲ್ಲ ಅವಳ ಗಂಡ. ಮಾರನೆಯ ದಿನವಿಡೀ ಅವನು ಕಿಟಕಿಯ ಬಳಿ ಕೂತು, ಕೇಳದೆಯೇ ಆಲೂಗಡ್ಡೆ ಸುಲಿದುಕೊಟ್ಟ. ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ಮಾಡಿದ್ದಿಲ್ಲ.

ಶುಕ್ರವಾರ ಅವಳು ಫೋನನ್ನು ಡಿವೀನಾಗೆ ಕೊಟ್ಟಳು. ಗುಡಿಸಲು ಹೋದಮೇಲೆ ಇದರಿಂದ ಆಗಬೇಕಾದ್ದೇನೂ ಇರಲಿಲ್ಲ, ಆದರೂ ಕೊಟ್ಟಳು. ಡಿವೀನಾ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು, ಟೊಪ್ಪಿಗೆಯನ್ನು ಹಣೆಯಿಂದ ಹಿಂದಕ್ಕೆ ತಳ್ಳಿದಳು, ಮತ್ತೆ ನೋಡಿದಳು.

"ಆಂಟಿ, ಅಂಕಲ್ ಈ ಫೋನನ್ನ ಒಲೆ ಮೇಲೆ ಇಟ್ಟಿದ್ರಾ?"

"ಏನ್ ಹೇಳ್ತಿದ್ದೀಯೇ?"

"ಬುಧವಾರ ನೋಡಿ ಇಲ್ಲಿ. ಚಾರ್ಜು ಎಪ್ಪತ್ತೊಂದು ಇದೆ, ಬ್ಯಾಟರಿಗೆ ಏನೂ ಆಗಿಲ್ಲ. ಎಂಟು ಗಂಟೆಗೆ ಇಪ್ಪತ್ತು ಡಿಗ್ರಿ. ಒಂಬತ್ತಕ್ಕೆ ಮೂವತ್ತೆಂಟು. ಹತ್ತಕ್ಕೆ ಐವತ್ತು. ಹತ್ತೂ ಮುಕ್ಕಾಲಿಗೆ ಐವತ್ತೊಂಬತ್ತು, ಆಮೇಲೆ ಬರವಣಿಗೇನೇ ಇಲ್ಲ. ಅದು ಕೆಟ್ಟು ಆರ್ತಿಲ್ಲ ಆಂಟಿ. ಸುಟ್ಟುಹೋಗಬಾರದು ಅಂತ ತಾನೇ ಆರಿಸ್ಕೊಳ್ತಿದೆ. ತಣ್ಣಗಾದಮೇಲೆ ಎದ್ದು ಕೂತ್ಕೊಳ್ಳತ್ತೆ. ಊರೆಲ್ಲಾ ಚಳಿಗೆ ಸಾಯ್ತಿದ್ರೆ ಇದೊಂದು ಸೆಕೆಗೆ ಸಾಯ್ತಿದೆ!"

ಲೆಸ್ಯಾ ಮೇಜಿನ ಅಂಚನ್ನು ಹಿಡಿದುಕೊಂಡಳು. "ಪೊಟ್ಟಣ," ಎಂದಳು.

"ಯಾವ ಪೊಟ್ಟಣ?"

ಲೆಸ್ಯಾ ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಸಂದು, ಒಂದು ಪೊಟ್ಟಣ, ಆಮೇಲೆ ಎರಡು. ಡಿವೀನಾ ಮೊದಲು ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಬಾಯಿ ಬಿಟ್ಟೇ ನಕ್ಕಳು. "ಅಯ್ಯೋ ಆಂಟಿ! ಮೈಗೆ ಹತ್ತಿರ ಇಡಿ ಅಂದ್ರೆ ಬೇಯಿಸಿ ಅಂತ ನಾನು ಹೇಳಿದ್ನಾ? ಮೈಯ ಬಿಸಿನೇ ಸಾಕು. ಪೊಟ್ಟಣ ತೆಗೀರಿ, ಒಳಗೆ ಕೂತಾಗ ಕೋಟು ಬಿಚ್ಚಿಸಿ. ಇನ್ನೊಂದ್ಸಲ ಆರಿದ್ರೆ ನನ್ನ ಹೆಸರು ಬದಲಾಯ್ಸಿ."

ಲೆಸ್ಯಾ ಟ್ರಕ್ಕಿನೊಳಗೆ ಕೂತಳು, ಎಂಜಿನ್ ಚಾಲೂ ಮಾಡಲಿಲ್ಲ. ಗಾಜಿನ ಮೇಲೆ ಅವಳ ಉಸಿರೇ ಮಂಜಾಗಿ ಕಟ್ಟಿತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನಾಳೆ ಹ್ಯಾಲ್ಡೋರ್ ಬರುತ್ತಾನೆ, ಗುಡಿಸಲು ಹೋಗುತ್ತದೆ, ಗಂಡ ಕಣ್ಣೆದುರಿಗೇ ಇರುತ್ತಾನೆ, ಗಂಟೆ ಗಂಟೆಗೂ ಗಡಿಯಾರ ನೋಡುವ ಹಾಳು ಬಾಳು ಮುಗಿಯುತ್ತದೆ. ಡಿವೀನಾ ಯಾರಿಗೂ ಹೇಳುವವಳಲ್ಲ. ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ. ದೇವರಾಣೆಗೂ ಅವಳಿಗೆ ಆಸೆಯಾಯಿತು. ಆಮೇಲೆ ಆ ಸುಲಿದ ಆಲೂಗಡ್ಡೆಗಳು ನೆನಪಾದವು. ಬುಟ್ಟಿ ತುಂಬ ಸುಲಿದಿದ್ದ, ಇಬ್ಬರು ತಿನ್ನುವಷ್ಟಲ್ಲ, ಮದುವೆಮನೆಗೆ ಸಾಲುವಷ್ಟು.

ಆ ರಾತ್ರಿ ಅವಳು ಆ ಆಲೂಗಡ್ಡೆಯನ್ನೆಲ್ಲ ಹಿಟ್ಟಿನೊಳಗೆ ತುಂಬಿ ಕಡುಬು ಮಾಡಿ ಮುಗಿಸಿದಳು. ಶನಿವಾರ ಬೆಳಿಗ್ಗೆ ಮೈರನ್ ಗುಡಿಸಲಿನ ಬೀಗದಕೈಯನ್ನು ತಂದು ಮೇಜಿನ ಮೇಲಿಟ್ಟು ಕಾಫಿಗೆ ಕೂತಾಗ, ಅವಳು ಒಳಗಿಂದ ಕೋಟನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. ಅಸ್ತರಿನ ಸಂದಿಗೆ ಬೆರಳು ಹಾಕಿ ಬುಧವಾರದ ಎರಡೂ ಪೊಟ್ಟಣಗಳನ್ನು ಎಳೆದಳು. ಬಿಸಿಯೆಲ್ಲ ಆರಿ ಅವು ಕಲ್ಲಿನಂತೆ ಗಟ್ಟಿಯಾಗಿದ್ದವು.

"ಫೋನು ಆರ್ತಿದ್ದದ್ದು ಇದರಿಂದ," ಎಂದಳು. "ಚಳಿಗಲ್ಲ. ಬಿಸಿಗೆ. ನಾನೇ ಇಡ್ತಿದ್ದೆ, ನಿಂಗೆ ಗೊತ್ತಾಗದ ಹಾಗೆ. ತಪ್ಪೆಲ್ಲಾ ನಂದು. ಬೈಯೋದಾದ್ರೆ ಬೈದುಬಿಡು."

ಮೈರನ್ ಬಯ್ಯಲಿಲ್ಲ. ಪೊಟ್ಟಣವೊಂದನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿದ. ಕೋಟಿನ ಎಡಭಾಗವನ್ನು ತಿರುವಿ ಸಂದನ್ನು ನೋಡಿದ. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟು, ಸರಿಯಾಗಿ ಎಲ್ಲಿ ಬರುತ್ತದೆಂದು ಅಳೆಯುವವನಂತೆ ಬೆರಳಾಡಿಸಿದ.

"ಯಾವತ್ತಿಂದ ಇಡ್ತಿದ್ದೆ?" ಅವನ ದನಿ ಬೇರೆಯಾಗಿತ್ತು.

"ಕ್ರಿಸ್ಮಸ್ಸಾದ ಮಾರನೇ ದಿನದಿಂದ. ಯಾಕೆ?"

"ಎರಡು ಮಾಡಿದ್ದು?"

"ಹೋದ ವಾರ. ಯಾಕೆ ಮೈರನ್? ಏನಾಯ್ತು?"

ಅವನು ಪೊಟ್ಟಣವನ್ನು ಮೇಜಿನ ಮೇಲಿಟ್ಟ. "ಕ್ರಿಸ್ಮಸ್ಸಾದ ಮಾರನೇ ದಿನದಿಂದ ನಂಗೆ ಎಡಗಡೆ ಎದೆ ಉರಿಯೋಕೆ ಶುರುವಾಗಿತ್ತು ಲೆಸ್ಯಾ. ದಿನಾ, ಹತ್ತು ಗಂಟೆ ಹೊತ್ತಿಗೆ. ಮನೆಗೆ ಬಂದ್ರೆ ಇಲ್ಲ. ಹೋದ ವಾರದಿಂದ ಎರಡರಷ್ಟು. ಮತ್ತೆ ಬಂತು ಅಂದ್ಕೊಂಡೆ. ಈ ಸಲ ಬಿಡಲ್ಲ ಅಂದ್ಕೊಂಡೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸರೋವರಕ್ಕೆ ಬಿಡ್ತಿದ್ಯಾ? ಆಮೇಲೆ ಬುಧವಾರ ನೀನು ಆ ಬಕೆಟ್ ಮೇಲೆ ಕೂತು ಅತ್ಯಲ್ಲ, ಆಗ ಅನ್ನಿಸ್ತು, ನೀನು ಬಾಗಿಲು ತೆಗೆದಾಗ ನಾನು ನಿಜವಾಗ್ಲೂ ಸತ್ತು ಬಿದ್ದಿರೋದು ಬೇಡ ಅಂತ. ಅದಕ್ಕೇ ಮಾರೋಣ ಅಂದೆ."

ಲೆಸ್ಯಾಗೆ ಮೊದಲು ಬಂದದ್ದು ಸಿಟ್ಟು. ಗಟ್ಟಿ ಪೊಟ್ಟಣವನ್ನೇ ಎತ್ತಿ ಅವನ ಭುಜಕ್ಕೆ ಬಾರಿಸಿದಳು. "ಎದೆ ಉರಿ ಇಟ್ಕೊಂಡು ಒಬ್ಬನೇ ಐಸಿನ ಮೇಲೆ ಕೂತಿದ್ಯಾ? ನಿನ್ನ ತಲೇಲಿ ಏನಿದೆ, ಮೀನಾ? ಸೋಮವಾರ ಡಾಕ್ಟರ ಹತ್ರ ನಡಿ! ಬೇಡ, ಇವತ್ತೇ ನಡಿ!"

"ನಡಿ, ಹೋಗೋಣ," ಎಂದ ಮೈರನ್, ನಗಲು ಶುರುಮಾಡಿದ. "ಡಾಕ್ಟರು ಕೇಳಿದ್ರೆ ಹೇಳ್ತೀನಿ, ನನ್ನ ಹೆಂಡತಿ ಎರಡು ವಾರದಿಂದ ನನ್ನ ಎದೇನ ಹದವಾಗಿ ಬೇಯಿಸ್ತಿದ್ಲು ಅಂತ." ನಗುತ್ತ ನಗುತ್ತಲೇ ಅವನ ಕಣ್ಣಿಂದ ನೀರಿಳಿಯಿತು. ಎರಡು ವಾರದಿಂದ ಒಬ್ಬನೇ ಹೊತ್ತಿದ್ದ ಭಯವನ್ನು ಆ ಮುದುಕ ಅಡುಗೆಮನೆಯಲ್ಲಿ ಕೂತು ಅತ್ತು ಕಳೆದುಕೊಂಡ. ಲೆಸ್ಯಾ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ತನ್ನ ಎದೆಯ ಮೇಲಿದ್ದ ಚಪ್ಪಡಿಯೂ ಇಳಿದದ್ದು ಅವಳಿಗೆ ಗೊತ್ತಾಯಿತು.

ಹೊರಗೆ ಹಾರನ್ ಕೇಳಿಸಿತು. ಕಿಟಕಿಯಲ್ಲಿ ಹ್ಯಾಲ್ಡೋರ್‌ನ ಗಾಡಿ, ಹಿಂದೆ ಗುಡಿಸಲು ಎಳೆಯುವ ಸರಪಳಿ. ಮೈರನ್ ಕಣ್ಣೊರೆಸಿಕೊಂಡು ಬೀಗದಕೈಯತ್ತ ನೋಡಿದ, ಆಮೇಲೆ ಅವಳತ್ತ ನೋಡಿದ.

ಲೆಸ್ಯಾ ಬೀಗದಕೈಯನ್ನು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಾಗಿಲು ತೆರೆದಳು. "ಹ್ಯಾಲ್ಡೋರ್, ಒಳಗೆ ಬಾ, ಕಾಫಿ ಕುಡಿ. ಆಲೂಗಡ್ಡೆ ಕಡುಬು ರಾಶಿ ಮಾಡಿದ್ದೀನಿ, ಮನೆಗೂ ಕಟ್ಕೊಡ್ತೀನಿ. ಗುಡಿಸಲು ಮಾತ್ರ ಕೊಡಲ್ಲ ಕಣಪ್ಪ."

ಸೋಮವಾರ ಡಾಕ್ಟರು ಎದೆಗೆ ತಂತಿ ಅಂಟಿಸಿ ನೋಡಿ, ಹೃದಯ ಸರಿಯಾಗಿಯೇ ಇದೆ ಎಂದರು. ಚರ್ಮ ಕೆಂಪಾಗಿದ್ದ ಜಾಗಕ್ಕೆ ಮುಲಾಮು ಬರೆದುಕೊಟ್ಟರು.

ಮಂಗಳವಾರ ಚಳಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿತ್ತು. ಹನ್ನೊಂದು ಹೊಡೆಯಲು ಇನ್ನೂ ಒಂದು ನಿಮಿಷವಿರುವಾಗಲೇ ಲೆಸ್ಯಾ ಫೋನು ಮಾಡಿದಳು. ಒಂದು ರಿಂಗು, ಎರಡು ರಿಂಗು, ಮೂರನೆಯದಕ್ಕೆ ಮೈರನ್ ಎತ್ತಿದ.

"ಚಾರ್ಜು ಎಷ್ಟಿದೆ?"

"ಎಂಬತ್ತನಾಲ್ಕು."

"ಎದೆ?"

"ತಣ್ಣಗಿದೆ ಕಣೇ," ಎಂದ ಮೈರನ್. "ಇಡು ಫೋನು, ಮೀನು ಕಚ್ತಾ ಇದೆ."