ಬಡಗಿ ಸೂಜಿ ಹಿಡಿದದ್ದು

ಸಕ್ಕರೆ ಕಾಯಿಲೆ ಬಂದಂದಿನಿಂದ ಬಡಗಿಗೆ ಇನ್ಸುಲಿನ್ ಚುಚ್ಚುವ ಕೆಲಸ ಹೆಂಡತಿಯದೇ. ಉಳಿ, ಗರಗಸಕ್ಕೆ ಅಂಜದ ಆಸಾಮಿ ಸೂಜಿ ಕಂಡರೆ ಅಂಗಿ ಎತ್ತಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಈಗ ಅವಳಿಗೆ ಅದೇನು ತೋಚಿತೋ, "ಅಕ್ಕನ ಮನೆಗೆ ಹೋಗಿಬರ್ತೀನಿ, ಚುಚ್ಕೊಳ್ಳೋದು ಕಲೀರಿ" ಎಂದು ಪಟ್ಟು ಹಿಡಿದು ಆಸ್ಪತ್ರೆಗೆ ಕರೆತಂದಳು.

ನರ್ಸಮ್ಮ ಒಂದು ಸ್ಪಂಜಿನ ತುಂಡು ಮುಂದಿಟ್ಟಳು. "ಬಾಟಲೀನ ಅಂಗೈಲಿ ಹೊರಳಿಸಿ, ಕುಲುಕಬೇಡಿ. ಚುಚ್ಚಿದ ಮೇಲೆ ಊಟ ತಪ್ಪಿಸಬೇಡಿ. ಬೆವರು, ನಡುಕ ಬಂದ್ರೆ ತಕ್ಷಣ ಸಕ್ಕರೆ ನೀರು."

"ನನಗೆ ಸಕ್ಕರೆ ತಿನ್ನು ಅನ್ನೋರು ನೀವೊಬ್ರೇ ತಾಯಿ" ಎಂದು ಬಡಗಿ ನಕ್ಕ. ಸ್ಪಂಜಿಗೆ ಸಲೀಸಾಗಿ ಚುಚ್ಚಿದ. ಔಷಧಿ ತುಂಬಿ ಹೊಟ್ಟೆಯ ಹತ್ತಿರ ತಂದಾಗ ಕೈ ಬರಲಿಲ್ಲ. "ಇವಳು ವಾಪಸ್ ಬಂದ್ಮೇಲೆ ಇವಳೇ ಹಾಕ್ತಾಳೆ ಬಿಡಿ."

"ಹಾಗಂದ್ರೆ ಹೇಗೆ ಯಜಮಾನ್ರೇ? ಎದೆ ಗಂಟು ತೆಗೆಸ್ಕೊಂಡ ಮೇಲೆ ಈ ಅಮ್ಮನಿಗೂ ಸುಧಾರಿಸ್ಕೊಳ್ಳೋಕೆ ದಿನ ಬೇಡ್ವಾ?"

ಬಡಗಿ ಹೆಂಡತಿಯತ್ತ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಚರ್ಮ ಹಿಡಿದು ಸೂಜಿ ಇಳಿಸಿಬಿಟ್ಟ.

ದಾರಿಯುದ್ದಕ್ಕೂ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಮನೆಯಲ್ಲಿ ತಟ್ಟೆ ಮುಟ್ಟದೆ ಹೋಗಿ ಕುರ್ಚಿಯ ಕಾಲು ಉಜ್ಜತೊಡಗಿದ.

"ಕೋಪ ನನ್ನ ಮೇಲೆ ತೀರಿಸ್ಕೊಳ್ಳಿ, ಊಟದ ಮೇಲೆ ಬೇಡ" ಎಂದು ಅವಳು ಅಂಗಲಾಚಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಂಗಿಯೆಲ್ಲ ತೊಯ್ದು ತೊಪ್ಪೆಯಾಯಿತು, ಕಣ್ಣು ಮಂಜಾಯಿತು, ಮರ ಉಜ್ಜುವ ಉಪ್ಪುಕಾಗದ ಕೈಯಿಂದ ಜಾರಿ ಬಿತ್ತು. ಅವಳು ಓಡಿಬಂದು ಸಕ್ಕರೆ ನೀರನ್ನು ಬಾಯಿಗೆ ಹಿಡಿದಳು. ಅವನು ಲೋಟ ಕಸಿದುಕೊಂಡು ಅರ್ಧ ಚೆಲ್ಲಿ ಅರ್ಧ ಕುಡಿದ.

"ಅಕ್ಕನ ಮನೆಯಂತೆ!" ಎಂದ, ಹೋದ ಜೀವ ಬಂದಂತಾದ ಮೇಲೆ. "ನಾನೇನು ಮಗೂನಾ?"

"ಸೂಜಿ ನೋಡಿದ್ರೆ ಗೋಡೆಗೆ ತಿರುಗೋರಿಗೆ ಇದನ್ನ ಹೇಗೆ ಹೇಳ್ಲಿ?"

ಅವನು ತಟ್ಟೆ ಎಳೆದುಕೊಂಡು, ಆರಿ ತಣ್ಣಗಾದದ್ದನ್ನೇ ಉಂಡ. ಆಮೇಲೆ ಕೇಳಿದ, "ಆಸ್ಪತ್ರೆಗೆ ಯಾವತ್ತು ಸೇರ್ಬೇಕು?"

"ಸೋಮವಾರ."

ಸೋಮವಾರ ತಾನೇ ಚುಚ್ಚಿಕೊಂಡು, ಉಂಡು, ಅವಳ ಚೀಲ ಹೊತ್ತು ಹೊರಟ. ಸಂಜೆ ಅವಳನ್ನು ಆಪರೇಷನ್ ಕೋಣೆಯಿಂದ ಹೊರಗೆ ತಂದರು. ಗಂಟು ಎಂಥದ್ದೆಂದು ಪರೀಕ್ಷೆಯಾದ ಮೇಲೇ ತಿಳಿಯುವುದು, ಕಾಯಬೇಕು ಎಂದರು ಡಾಕ್ಟರು.

"ಸೂಜಿ ಹಾಕ್ಕೊಂಡ್ರಾ?" ಎಂದಳು ಅವಳು, ಅರೆಗಣ್ಣಿನಲ್ಲಿ.

"ಹ್ಞೂಂ. ನೀನು ಮಲಕ್ಕೋ."

ಕಾಯುವ ದಿನಗಳಲ್ಲಿ ಅವನು ಒಂದು ಹೊತ್ತೂ ತಪ್ಪದೆ ಚುಚ್ಚಿಕೊಂಡ. ಅದರ ಹೊರತು ಬೇರೇನೂ ಅವನ ಕೈಯಲ್ಲಿರಲಿಲ್ಲ.