ಆಗಿಂದಿ

ನನ್ನ ಗಂಡ ಇಂದುಧರ ಹನ್ನೊಂದು ವರ್ಷದಿಂದ ವಿಶಾಖಪಟ್ಟಣದಲ್ಲಿ ನೌಕಾಪಡೆಯಲ್ಲಿದ್ದಾರೆ, ತೆಲುಗು ಕಲಿತಿಲ್ಲ. ಕಲಿಯುವುದೇನಿದೆ, ಕನ್ನಡದ ಕೊನೆಗೊಂದು ‘ಇಂದಿ’ ಅಂಟಿಸಿದರೆ ತೆಲುಗು ಅನ್ನುವುದು ಅವರ ವಾದ. ನಾನು ವಿಜಯವಾಡದಲ್ಲಿ ಬ್ಯಾಂಕ್ ಆಫೀಸರ್. ಆಟೋನಗರದ ಲಾರಿ ಮೆಕ್ಯಾನಿಕ್‌ಗಳ ಜೊತೆ ಕೌಂಟರಿನಲ್ಲಿ ಜಗಳವಾಡಿ ತೆಲುಗು ಕಲಿತವಳು.

ನನಗೆ ನಲವತ್ತೊಂದು. ಐವಿಎಫ್ ಇದು ಮೂರನೇ ಸಲ, ಕೊನೆಯದೂ ಹೌದು. ಹತ್ತು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಬೇರೆ ಹೆಂಗಸರಿಗೆ ಹತ್ತು ಹನ್ನೆರಡು ಅಂಡಾಣು ಸಿಗುತ್ತವಂತೆ. ನನಗೆ ಒಂದು. ನಿಮ್ಮ ಅಂಡಾಶಯ ಔಷಧಿಗೆ ಓಗೊಡುತ್ತಿಲ್ಲ, ನಿಮ್ಮಂಥವರಲ್ಲಿ ಗೆಲ್ಲುವವರು ನೂರಕ್ಕೆ ಐದಾರು ಮಂದಿ, ಇದೂ ಕೈಕೊಟ್ಟರೆ ಸ್ವಂತ ಅಂಡಾಣುವಿನ ಆಸೆ ಬಿಡಿ ಎಂದರು ಡಾಕ್ಟರ್ ಫಣೀಂದ್ರ. ಮುಖಕ್ಕೆ ಹೊಡೆದ ಹಾಗೆ ಹೇಳುವ ಡಾಕ್ಟರೇ ನನಗಿಷ್ಟ. ಆ ಒಂದು ಅಂಡಾಣು ಲ್ಯಾಬಿನಲ್ಲಿ ಫಲಿಸಿ ಭ್ರೂಣವಾಯಿತು. ಐದು ದಿನ ಅಲ್ಲೇ ಬೆಳೆದರೆ ನನ್ನೊಳಗೆ ಇಡುತ್ತಾರೆ.

ಐದನೇ ದಿನ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್. ನಾನು ಫೋನ್ ಎತ್ತಲಿಲ್ಲವೆಂದು ಲ್ಯಾಬಿನ ಪ್ರತ್ಯೂಷಾ ಇವರಿಗೆ ಮಾಡಿದ್ದಾಳೆ. ಹನ್ನೊಂದಕ್ಕೆ ಇವರು ನನಗೆ ಮಾಡಿದರು.

“ಗೌರಿ, ಬೆಳೆದಿದೆ ಕಣೇ! ನಾಳೆ ಇಬ್ರೂ ಬಂದು ಡಾಕ್ಟರನ್ನ ನೋಡ್ಬೇಕಂತೆ. ರಜಾ ಹಾಕಿ ಟ್ರೇನ್ ಹತ್ತುತಿದೀನಿ.”

ಎಲ್ಲವನ್ನೂ ಎರಡು ಸಲ ಚೆಕ್ ಮಾಡುವವಳು ನಾನು. ಅಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಬೇಕೆಂದು ಹೊಳೆಯಲೇ ಇಲ್ಲ. ಒಂದೇ ಮಹಡಿಗೆ ಲಿಫ್ಟಿಗಾಗಿ ಕಾದೆ. ಹೊಟ್ಟೆಯಲ್ಲಿ ಇನ್ನೂ ಏನೂ ಇರಲಿಲ್ಲ, ಆದರೂ ಕೈ ಅಲ್ಲಿಗೇ ಹೋಗುತ್ತಿತ್ತು. ಬಹಳ ಸಂತೋಷವಾಗಿತ್ತು, ಮುಚ್ಚಿಡುವುದೇಕೆ.

ಸಂಜೆ ಏಳಕ್ಕೆ ಇವರು ಕಾಜಾ ಮಿಠಾಯಿಯ ಪೊಟ್ಟಣ ಹಿಡಿದು ಬಂದರು.

“ನಂಗೆ ತೆಲುಗು ಬರಲ್ಲ ಅಂತಿದ್ಯಲ್ಲ. ಆ ಹುಡುಗಿ ಹೇಳಿದ್ದು ಒಂದಕ್ಷರ ಬಿಡದೆ ಅರ್ಥ ಆಯ್ತು, ಗೊತ್ತಾ?”

“ಏನಂದ್ಲು?”

“ಎಂಬ್ರಿಯೋ ಗ್ರೋತ್ ಆಗಿಂದಿ ಸಾರ್, ಅಂದ್ಲು.”

ಆಯಿತು ಅನ್ನುವುದಕ್ಕೆ ತೆಲುಗಿನಲ್ಲಿ ‘ಅಯಿಂದಿ’ ಎನ್ನುತ್ತಾರೆ. ‘ಆಗಿಂದಿ’ ಅಂದರೆ ನಿಂತಿತು ಎಂದು.

ಹೇಳಿದೆ. ಪೊಟ್ಟಣದ ದಾರ ಬಿಚ್ಚುತ್ತಿದ್ದವರು ಅದನ್ನು ಮತ್ತೆ ಕಟ್ಟತೊಡಗಿದರು. ಚೆನ್ನಾಗಿ ಬೈಯಬೇಕೆನಿಸಿತು.

ಅಷ್ಟರಲ್ಲಿ ತುಮಕೂರಿನಿಂದ ಅತ್ತೆಯ ಫೋನ್. ರೈಲಿನಿಂದಲೇ ಅವರಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಇವರು ಫೋನನ್ನು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿದರು.

“ಗೌರಮ್ಮಾ, ಆಯ್ತಂತಲ್ಲ! ನಿನ್ ಬಾಯಲ್ಲೇ ಕೇಳ್ಬೇಕು ಅಂತ ಮಾಡ್ದೆ.”

ಅತ್ತೆಗೆ ಎಪ್ಪತ್ತಾರು. ಹದಿನಾಲ್ಕು ವರ್ಷದಲ್ಲಿ ಮಗುವಿನ ವಿಷಯಕ್ಕೆ ಒಂದು ದಿನವೂ ನನ್ನನ್ನು ಚುಚ್ಚಿ ಮಾತಾಡಿದವರಲ್ಲ.

“ಆಗಿಂದಿ, ಅತ್ತೆ,” ಅಂದೆ.

“ಅಲ್ಲಿದ್ದೂ ಇದ್ದೂ ನಿಂಗೆ ತೆಲುಗೇ ಬಂದ್ಬಿಟ್ಟಿದೆ,” ಎಂದು ಅವರು ನಕ್ಕರು.

ಸುಳ್ಳೇನೂ ಹೇಳಿರಲಿಲ್ಲ. ನಾಳೆ ಅದನ್ನೇ ಕನ್ನಡದಲ್ಲಿ ಹೇಳಬೇಕು.