ದೊರೆಯ ಹುಲ್ಲುಹಾಸು

ಅಕ್ಕ ತೀರಿಕೊಂಡ ಮೇಲೆ ಅವಳ ಆಮೆ ತಂಗಿಯ ಮನೆಗೆ ಬಂತು. ಭಾವನೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದ. ಬಾಗಿಲಲ್ಲೇ ನಿಂತು, "ಇದು ನಿನ್ನ ಹತ್ರ ಇರ್ಲಿ ಅಂತ ಅವಳು ಹೇಳಿದ್ಲು," ಎಂದ. ಒಳಗೆ ಬನ್ನಿ ಎಂದರೆ, ಡ್ಯೂಟಿಗೆ ಹೊತ್ತಾಯಿತು ಎಂದು ಮೆಟ್ಟಿಲಿಳಿದುಬಿಟ್ಟ. ಸಿಟಿ ಬಸ್ಸಿನ ಡ್ರೈವರ್ ಅವನು. ಮೊದಲಿನಿಂದಲೂ ಮಾತು ಕಮ್ಮಿ.

ತಂಗಿ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದವಳು. ಮದುವೆಯಾಗಿರಲಿಲ್ಲ. ದಿನವಿಡೀ ಕಿವಿಯಲ್ಲಿ ಯಂತ್ರದ ಗರಗರ. ಮೂರನೇ ಮಹಡಿಯ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಆ ಚಪ್ಪಲಿಯದೇ ಕೊನೆಯ ಸದ್ದು. ಮೊದಲಾದರೆ ಸಂಜೆ ಅಕ್ಕನ ಫೋನು ಬರುತ್ತಿತ್ತು. ಈಗ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಹಾಗಾಗಿ ಭಾವ ಹೇಳಿದ ಆ ಒಂದು ಮಾತನ್ನು ಅವಳು ಕಣ್ಣಿಗೊತ್ತಿಕೊಂಡು ಕಾಪಾಡಿದಳು. ಕಾಯಿಲೆಯ ಅಷ್ಟು ನೋವಿನಲ್ಲೂ ಅಕ್ಕ ತನ್ನನ್ನು ನೆನೆದಿದ್ದಳಲ್ಲ.

ಆಮೆಗೆ ಅಕ್ಕ ಇಟ್ಟ ಹೆಸರು ದೊರೆ. ಎಲೆಯನ್ನು ಬಾಯ ಮುಂದೆ ತಂದಿಡದಿದ್ದರೆ ಮುಖ ತಿರುಗಿಸಿ ಕೂರುವ ಪ್ರಾಣಿಗೆ ಬೇರೆ ಯಾವ ಹೆಸರೂ ಒಪ್ಪುತ್ತಿರಲಿಲ್ಲ. ತಂಗಿ ಬಾಲ್ಕನಿಯಲ್ಲಿ ಅಗಲವಾದ ಮರದ ಪೆಟ್ಟಿಗೆ ಇಟ್ಟು, ಕೆಳಗಿನ ಬಡಗಿಯಿಂದ ಮರದ ಹೊಟ್ಟು ತಂದು ಮೆತ್ತಗೆ ಹಾಸಿದಳು. ಘಮಘಮ ಎನ್ನುತ್ತಿತ್ತು. ದೊರೆಗೂ ಹಿತವಾಗಿರಬಹುದು ಎಂದುಕೊಂಡಳು.

ಕೆಲವೇ ದಿನಗಳಲ್ಲಿ ಅದರ ಕಣ್ಣುಗಳು ಊದಿ ಅಂಟಿಕೊಂಡವು. ಮೂಗಿನಲ್ಲಿ ಗುಳ್ಳೆ. ಸೊಪ್ಪು ಇಟ್ಟಲ್ಲೇ ಬಾಡಿತು. ಅಂಗಡಿಗೆ ರಜೆ ಹೇಳಿ, ಆಮೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಬಳಿ ಓಡಿದಳು.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಏನು ಹಾಸಿದ್ದೀರಿ ಎಂದು ಮೊದಲು ಕೇಳಿದರು. ಹೊಟ್ಟು ಎಂದಾಗ ತಲೆಯಾಡಿಸಿದರು. ಆ ಪರಿಮಳವೇ ಇದರ ಉಸಿರಿಗೆ ಉರಿ, ದೂಳು ಬೇರೆ. ಬರೀ ಮರಳು ಕೂಡ ಬೇಡ, ಸೊಪ್ಪಿನ ಜೊತೆ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುತ್ತದೆ. ಗೊಬ್ಬರ ಬೀಳದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ಅದು ಹೂತುಕೊಳ್ಳುವಷ್ಟು ದಪ್ಪ ಹಾಸಿ. ಅಡಿಯಲ್ಲಿ ತುಸು ತೇವ ಇರಲಿ, ಮೇಲೆ ಒಣಗಿರಲಿ. ಒಂದು ಬದಿಗೆ ಬೇರುಸಮೇತ ಗರಿಕೆ ನೆಡಿ. ಆದರೆ ಔಷಧಿ ಹೊಡೆದ ಹುಲ್ಲು ಮಾತ್ರ ಬೇಡವೇ ಬೇಡ. ಅಲ್ಲಿಯವರೆಗೆ ಕಾಗದವೇ ಸಾಕು. ಇಷ್ಟು ಹೇಳಿ, ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದರು.

"ಯಾರೂ ಇಲ್ಲ. ನಾನು, ಇದು. ಅಷ್ಟೇ," ಎಂದಳು. ಹೇಳಿದ ಮೇಲೆ ಆ ಮಾತು ತನಗೇ ವಿಚಿತ್ರವಾಗಿ ಕೇಳಿಸಿತು.

ನಾರಿನ ಪುಡಿಯ ಇಟ್ಟಿಗೆ ಸುಲಭವಾಗಿ ಸಿಕ್ಕಿತು. ಮಣ್ಣು, ಹುಲ್ಲು ಸಿಗಲಿಲ್ಲ. ಪಾರ್ಕಿನ ತೋಟಗಾರ, ಹೋದ ವಾರವಷ್ಟೇ ಕಳೆಗೆ ಔಷಧಿ ಹೊಡೆದಿದ್ದೇವೆ ಎಂದ. ನರ್ಸರಿಯ ಹುಲ್ಲುಹಾಸು ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು; ಬೆರಳಲ್ಲಿ ಬಿಡಿಸಿ ನೋಡಿದರೆ ಬುಡದಲ್ಲೆಲ್ಲ ಗೊಬ್ಬರದ ಬಿಳಿ ಕಾಳು. ರಸ್ತೆ ಬದಿಯದಕ್ಕೆ ಹೊಗೆ, ನಾಯಿಗಳ ಕಾಟ. ಊರೆಲ್ಲ ಸುತ್ತಿ ಸುಸ್ತಾದಾಗ ಅಕ್ಕನ ಹಿತ್ತಿಲು ನೆನಪಾಯಿತು. ಕತ್ತರಿ ಹಿಡಿದು, ಕುಕ್ಕರಗಾಲಲ್ಲಿ ಕೂತು, ಅಕ್ಕ ದೊರೆಗೆ ಹುಲ್ಲು ಕತ್ತರಿಸುತ್ತಿದ್ದದ್ದು ಅಲ್ಲೇ. ಅಂತ್ಯಕ್ರಿಯೆಯ ನಂತರ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಭಾವನೂ ಕರೆದಿರಲಿಲ್ಲ.

ಭಾನುವಾರ ಬಸ್ಸು ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿದಳು. ಬಾಗಿಲು ತೆರೆದ ಭಾವ ಸೊರಗಿಹೋಗಿದ್ದ. ಅಡುಗೆಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ ತೊಳೆದು ಬೋರಲು ಹಾಕಿತ್ತು. ವಿಷಯ ಕೇಳಿ ಅವನು ಗುದ್ದಲಿ ತಂದು ಹಿತ್ತಿಲ ಚಿಲಕ ತೆಗೆದ. ಚಿಲಕ ಬಿಗಿದುಕೊಂಡಿತ್ತು, ಎಷ್ಟೋ ದಿನದಿಂದ ಯಾರೂ ತೆರೆದಿರಲಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

"ಇದಕ್ಕೆ ಏನನ್ನೂ ಹೊಡೆಯೋಕೆ ಅವಳು ಬಿಡ್ತಿರ್ಲಿಲ್ಲ," ಎಂದ. ಅವನು ಅಗೆದ, ಅವಳು ಬೇರಿನ ಮಣ್ಣು ಉದುರದಂತೆ ಹೆಂಟೆಗಳನ್ನು ಚೀಲಕ್ಕೆ ತುಂಬಿದಳು. ಅರ್ಧದಲ್ಲಿ ಅವನು ಗುದ್ದಲಿ ಊರಿ ನಿಂತ.

"ಒಂದು ಮಾತು ಹೇಳ್ಬೇಕಮ್ಮ. ಅವಳು ನಿನಗೆ ಕೊಡು ಅಂದಿದ್ಲು ಅಂದೆನಲ್ಲ, ಅದು ಸುಳ್ಳು. ಕೊನೆಗೆ ಅವಳಿಗೆ ಯಾರ ಗುರುತೂ ಸಿಕ್ತಿರ್ಲಿಲ್ಲ. ಅವಳು ಹೋದ್ಮೇಲೂ ಈ ದೊರೆ ದಿನಾ ಹೋಗಿ ಅವಳ ರೂಮಿನ ಬಾಗಿಲನ್ನ ತಲೆಯಿಂದ ತಳ್ತಿತ್ತು. ಆ ಸದ್ದು ನನ್ನಿಂದ ತಡಕೊಳ್ಳೋಕಾಗ್ಲಿಲ್ಲ."

ಅವಳು ಇಷ್ಟು ದಿನ ಮಡಿಲಲ್ಲಿ ಕಟ್ಟಿಕೊಂಡಿದ್ದದ್ದು ಜಾರಿ ಬಿದ್ದಂತಾಯಿತು. ಬೈಯೋಣವೆಂದರೆ ಎದುರಿಗೆ ನಿಂತವನು ಗುದ್ದಲಿಯ ಹಿಡಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಲ್ಲಿ ಒರೆಸುತ್ತಲೇ ಇದ್ದ.

"ಬೇಕಾದ್ರೆ ವಾಪಸ್ ತಂದುಬಿಡು," ಎಂದ ಅವನು, ನೆಲ ನೋಡುತ್ತ.

"ಬೇಡ ಭಾವ. ನೀವು ಅಗೀರಿ, ಇನ್ನೂ ನಾಲ್ಕು ಹೆಂಟೆ ಬೇಕು."

ಮನೆಗೆ ಬಂದು ನೆನೆಸಿದ ನಾರಿನ ಪುಡಿಯನ್ನು ಮಣ್ಣಿಗೆ ಕಲಸಿ ಹಾಸಿದಳು, ಅಂಗೈಯಲ್ಲಿ ತಟ್ಟಿ ಸಮ ಮಾಡಿದಳು, ಒಂದು ಬದಿಗೆ ಗರಿಕೆ ನೆಟ್ಟಳು. ದೊರೆಯನ್ನು ಇಳಿಸಿದಾಗ ಅದು ಕಲ್ಲಿನಂತೆ ಕೂತಿತು. ಅವಳೂ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಲ್ಲಿ ಕೂತೇ ಅಕ್ಕನಿಗಾಗಿ ಮೊದಲ ಸಲ ಬಿಕ್ಕಿಬಿಕ್ಕಿ ಅತ್ತಳು. ಕೇಳುವವರು ಯಾರೂ ಇರಲಿಲ್ಲ, ಹಾಗಾಗಿ ತಡೆಯಬೇಕಾಗಿಯೂ ಇರಲಿಲ್ಲ.

ಕಣ್ಣಿಗೆ ಹನಿ ಹಾಕುತ್ತ ಹಾಕುತ್ತ ವಾರ ಕಳೆಯಿತು. ಒಂದು ಬೆಳಿಗ್ಗೆ ದೊರೆ ಮಣ್ಣಿನಿಂದ ಎದ್ದು, ತಾನೇ ನಡೆದುಹೋಗಿ, ಗರಿಕೆಯ ತುದಿ ಕಚ್ಚಿ ಎಳೆಯಿತು. ಅವಳು ಭಾವನಿಗೆ ಫೋನು ಮಾಡಿ, "ತಿಂತು," ಎಂದಳು. ಆ ಕಡೆ ಅವನು ಬಸ್ಸಿನ ಇಂಜಿನ್ನು ಆರಿಸಿದ್ದು ಕೇಳಿಸಿತು. ಒಮ್ಮೆ ಬಂದು ನೋಡಿ ಎಂದಳು. ನೋಡೋಣ ಎಂದ.

ಅವನು ಬರಲಿಲ್ಲ. ಆದರೆ ಮುಂದಿನ ಸೋಮವಾರ ಊಟ ಮುಗಿಸಿ ಕೆಲಸಕ್ಕೆ ಮರಳಿದಾಗ ಅಂಗಡಿಯ ಕಟ್ಟೆಯ ಮೇಲೆ ಒಂದು ಚೀಲವಿತ್ತು. ಯಾರೋ ಡ್ರೈವರ್ ಬಸ್ಸು ನಿಲ್ಲಿಸಿ ಕೊಟ್ಟುಹೋದರು ಎಂದರು ಮಾಲೀಕರು. ಒಳಗಿದ್ದ ಹುಲ್ಲನ್ನು ಬೆರಳುದ್ದಕ್ಕೆ, ಕತ್ತರಿಯಲ್ಲಿ, ಒಂದೇ ಸಮ ಕತ್ತರಿಸಲಾಗಿತ್ತು. ಅವಳು ಚೀಲವನ್ನು ಯಂತ್ರದ ಪಕ್ಕದಲ್ಲಿ, ದೂಳು ತಾಗದ ಕಡೆ ಇಟ್ಟು, ಕೆಲಸಕ್ಕೆ ಕೂತಳು.